ಗೋಡೆಯ ಮೇಲಿನ ಬೋಗುಣಿ

ಪಾಲಮ್ಮ ಬಾಗಿಲ ಸಂದಿಯಿಂದ ನೋಡುತ್ತಿದ್ದಳು. ಓರಗಿತ್ತಿ ಮುದ್ದಕ್ಕ ಬೋಗುಣಿಯನ್ನು ನಡುಗೋಡೆಯ ಮೇಲಿಟ್ಟು, ಬಳೆಯಿಂದ ಟಕಟಕ ಬಡಿದು, ಎಂದಿನಂತೆ ಮಾತಿಲ್ಲದೆ ಹೋದಳು. ಅವಳು ಮರೆಯಾದ ಮೇಲೆ ಪಾಲಮ್ಮ ಬೋಗುಣಿ ಎತ್ತಿ, ನುಗ್ಗೆ ಸೊಪ್ಪಿನ ಸಾರನ್ನು ಮೇಕೆಯ ಬಾನಿಗೆ ಸುರಿದಳು.

ಹೀಗೆ ಸುರಿಯತೊಡಗಿ ಕೆಲವು ವಾರಗಳಾಗಿದ್ದವು.

ಇಬ್ಬರೂ ಮಾತು ಬಿಟ್ಟು ವರ್ಷಗಳೇ ಸಂದಿದ್ದವು. ಅಣ್ಣತಮ್ಮಂದಿರ ಹಿಸ್ಸೆಯಲ್ಲಿ ಅತ್ತೆಯ ತಾಮ್ರದ ಹಂಡೆ ಯಾರಿಗೆಂದು ಶುರುವಾದ ಜಗಳ ಕೊನೆಗೆ ಮಣ್ಣಿನ ಗೋಡೆಯಾಗಿ ನಿಂತಿತು. ಮತ್ತೋಡಿನಂಥ ಊರಿನಲ್ಲಿ ಅದು ಹೊಸದೇನಲ್ಲ. ಮಾತು ಬಿಟ್ಟವರು ಮದುವೆಗೆ ಬರುತ್ತಾರೆ, ಹೆಣಕ್ಕೆ ಹೆಗಲು ಕೊಡುತ್ತಾರೆ. ಬಾಯಿ ಮಾತ್ರ ತೆರೆಯುವುದಿಲ್ಲ.

ಎಪ್ಪತ್ತಾರನೇ ಇಸವಿಯ ಬೇಸಿಗೆಯಲ್ಲಿ ಪಾಲಮ್ಮನ ಎದೆಬಡಿತ ತಪ್ಪಿದಾಗಲೂ ಹಾಗೆಯೇ. ಗಂಡ ಯತ್ತಪ್ಪ ಕುರಿಗಳ ಹಿಂದೆ ದೂರ ಹೋಗಿದ್ದ. ಚಿತ್ರದುರ್ಗದ ಆಸ್ಪತ್ರೆಗೆ ಜೊತೆ ಬಂದವಳು ಮುದ್ದಕ್ಕನೇ, ಬಸ್ಸಿನಲ್ಲಿ ಬೇರೆ ಸೀಟಿನಲ್ಲಿ ಕುಳಿತು. ಪಾಲಮ್ಮ ಅಲ್ಲಿ ಮಲಗಿದ್ದಷ್ಟು ದಿನವೂ ಅವಳು ವರಾಂಡದಾಚೆ ಮೂರು ಕಲ್ಲು ಹೂಡಿ, ಮುದ್ದೆಯನ್ನೂ ನುಗ್ಗೆ ಸೊಪ್ಪಿನ ಸಾರನ್ನೂ ಮಾಡಿ ಮಂಚದ ಬಳಿ ಇಟ್ಟು ಹೋಗುತ್ತಿದ್ದಳು. ಡಾಕ್ಟರು ರಕ್ತ ಹೆಪ್ಪುಗಟ್ಟದಿರಲೆಂದು ಮಾತ್ರೆ ಕೊಟ್ಟರು. "ಒಂದು ದಿನವೂ ತಪ್ಪಿಸಬೇಡಿ" ಎಂದರು. ಪಾಲಮ್ಮ ತಪ್ಪಿಸಲಿಲ್ಲ. ಆಮೇಲಿನ ಪರೀಕ್ಷೆಗಳಲ್ಲೆಲ್ಲ ರಕ್ತ ಸರಿಯಾಗಿಯೇ ಇತ್ತು.

ಊರಿಗೆ ಬಂದ ಮೇಲೂ ಸಾರು ನಿಲ್ಲಲಿಲ್ಲ. ಅದೇ ಸೊಪ್ಪು, ಅದೇ ಬೋಗುಣಿ. ಒಬ್ಬಳೇ ಉಣ್ಣುವ ಮನೆಯಲ್ಲಿ ಆ ಟಕಟಕವೊಂದೇ ಮನುಷ್ಯರ ಸದ್ದು. ಪಾಲಮ್ಮ ಅದಕ್ಕಾಗಿ ಕಾಯುತ್ತಿದ್ದಳು. ಕಾಯುತ್ತೇನೆಂದು ತನಗೇ ಒಪ್ಪಿಕೊಂಡಿರಲಿಲ್ಲ, ಅಷ್ಟೇ.

ಎದುರು ಮನೆಯ ಹನುಮಮ್ಮ ಬಂದು ತಲೆಗೆ ಹುಳ ಬಿಟ್ಟಳು.

"ಏನೇ ಪಾಲಿ, ಹಂಡೆ ಬಿಡದೋಳು ನಿಂಗೆ ಸಾರು ಬಿಡ್ತಾಳಾ?"

"ಉಳಿದಿದ್ದು ಕೊಡ್ತಾಳೇನೋ."

"ಉಳಿದಿದ್ದಾದ್ರೆ ಒಂದಿನ ಹುಳ್ಳಿ, ಒಂದಿನ ಅವರೆ ಬರಬೇಕಲ್ಲ. ದಿನಾ ಅದೇ ಸೊಪ್ಪು ಯಾಕ್ ಬರ್ತೈತೆ? ಮದ್ದಿಕ್ಕೋರು ಹಿಂಗೇ ಕಣೇ, ಸಾರು ಬದಲಾಯ್ಸಲ್ಲ. ರುಚಿ ಗೊತ್ತಾಗಬಾರ್ದಲ್ಲ!"

ಊಟದಲ್ಲಿ ಬೆರೆಸಿ ಮನುಷ್ಯರನ್ನು ಮೆಲ್ಲಗೆ ಕರಗಿಸುವ ಆ ವಿಷದ ಮಾತು ಕಿವಿಗೆ ಬಿದ್ದ ಮೇಲೆ ಪಾಲಮ್ಮನಿಗೆ ತುತ್ತು ಇಳಿಯಲಿಲ್ಲ. ಅಂದಿನಿಂದ ಸಾರು ಮೇಕೆಗೆ, ಅವಳಿಗೆ ಮೆಣಸಿನಕಾಯಿ ಚಟ್ನಿ, ಮಜ್ಜಿಗೆ. ಮಾತ್ರೆಯನ್ನು ಮಾತ್ರ ತಪ್ಪಿಸಲಿಲ್ಲ.

ಮೇಕೆ ಮಿರಮಿರ ಮಿಂಚತೊಡಗಿತು.

"ಅದಕ್ಕೇನೂ ಆಗಿಲ್ವಲ್ಲಕ್ಕ?"

"ಹೆಸರಿಟ್ಟು ಹಾಕಿದ್ದು ಮೇಕೆಗೆ ಯಾಕೆ ಹತ್ತುತ್ತೆ? ಅದರ ಹೆಸರೂ ಪಾಲಮ್ಮನಾ?" ಹನುಮಮ್ಮ ನಕ್ಕಳು.

ಪಾಲಮ್ಮನ ತೋಳಿನ ಮೇಲೆ ನೀಲಿ ಕಲೆಗಳು ಮೂಡಿದವು. ಎಲ್ಲೂ ತಗುಲಿಸಿಕೊಂಡ ನೆನಪಿಲ್ಲ. ಒಂದು ಬೆಳಿಗ್ಗೆ ಬಲ ತೊಡೆಸಂದಿನಲ್ಲಿ ಕುಡುಗೋಲು ಆಡಿಸಿದಂಥ ನೋವು. ಕಾಲು ನೀಡಲಾಗದೆ ಮುದುರಿ ಮಲಗಿದಳು. ಸಂಜೆಗೆ ತೊಡೆಯ ಮುಂಭಾಗ ಮರಗಟ್ಟಿತು. ಚಿವುಟಿದರೆ ಯಾರದೋ ಚರ್ಮ ಚಿವುಟಿದಂತಿತ್ತು.

"ಹಳೇ ಮದ್ದು ಒಳಗೇ ಕುಂತಿತ್ತು. ಈಗ ಕಾಲಿಗಿಳಿದೈತೆ" ಎಂದಳು ಹನುಮಮ್ಮ.

ಮರುದಿನ ಬಳೆ ಸದ್ದಾದಾಗ ಪಾಲಮ್ಮ ಗೋಡೆ ಹಿಡಿದು ಕುಂಟುತ್ತ ಹೋಗಿ, ಮುದ್ದಕ್ಕನ ಕಣ್ಣೆದುರೇ ಸಾರನ್ನು ನೆಲಕ್ಕೆ ಚೆಲ್ಲಿದಳು. ಮುದ್ದಕ್ಕ ಒದ್ದೆ ಮಣ್ಣನ್ನು ನೋಡಿದಳು. ಪಾಲಮ್ಮನ ಕಾಲನ್ನು ನೋಡಿದಳು. ಬಾಯಿ ತೆರೆದಳು, ಮುಚ್ಚಿದಳು.

ಮಾರನೆಯ ದಿನ ಇನ್ನೂ ದೊಡ್ಡ ಬೋಗುಣಿ ಬಂತು.

ಇಷ್ಟು ಹಠ ಕೊಲ್ಲುವವರಿಗೇ ಇರುವುದು ಎಂದುಕೊಂಡು ಪಾಲಮ್ಮ ಎದ್ದಳು. ಮಂಡಿ ಒದ್ದೆ ಬಟ್ಟೆಯಂತೆ ಕುಸಿಯಿತು. ಅಂಗಳದಲ್ಲಿ ಬಿದ್ದಳು.

ಮುದ್ದಕ್ಕ ಗೋಡೆ ಹಾರಿ ಬಂದಳು. "ಗಾಡಿ ಕಟ್ರೋ! ಆವಮ್ಮನ ಕಾಲು ಅಲ್ಲಾಡಿಸ್ಬ್ಯಾಡ್ರಪ್ಪ!" ಎಂದು ಬೀದಿಯವರಿಗೆಲ್ಲ ಕೂಗಿದಳು. ಪಾಲಮ್ಮನಿಗೆ ಮಾತ್ರ ಒಂದು ಮಾತೂ ಇಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರು ಮಂಡಿಗೆ ಸುತ್ತಿಗೆಯಿಂದ ತಟ್ಟಿ ನೋಡಿದರು. ಕಾಲು ಮಿಸುಕಲಿಲ್ಲ. ರಕ್ತ ಪರೀಕ್ಷೆ ಮಾಡಿಸಿ ಬಂದು ಕೇಳಿದರು: "ಸೊಪ್ಪು ತಿನ್ನೋದು ಬಿಟ್ಟಿರಾ?"

ಪಾಲಮ್ಮ ಬೆಚ್ಚಿದಳು. "ಅದ್ರಲ್ಲೇನೋ ಬೆರೆಸ್ತಾರೆ ಅಂದ್ರು..."

"ಮಾತ್ರೆ ರಕ್ತವನ್ನು ತೆಳು ಮಾಡುತ್ತೆ, ನುಗ್ಗೆ ಸೊಪ್ಪು ಅದಕ್ಕೆ ಎದುರು ಎಳೆಯುತ್ತೆ. ದಿನಾ ಸೊಪ್ಪು ಉಣ್ಣೋ ಮೈಗೆ ಅಂತಲೇ ನಾನು ಮಾತ್ರೆ ಅಳೆದದ್ದು. ಸೊಪ್ಪು ನಿಂತಿತು, ಅದೇ ಮಾತ್ರೆ ವಿಪರೀತವಾಯಿತು. ಸ್ನಾಯುವಿನೊಳಗೆ ತಾನಾಗಿ ರಕ್ತ ಒಸರಿ, ಕಾಲಿನ ನರವನ್ನು ಹಿಸುಕಿದೆ. ಶಕ್ತಿ ಎಷ್ಟು ಮರಳುತ್ತೋ ಈಗಲೇ ಹೇಳಲಾರೆ."

"ನಂಗ್ಯಾರೂ ಹೇಳ್ಲಿಲ್ವಲ್ಲ ಸ್ವಾಮಿ."

"ವರಾಂಡದಾಚೆ ಅಡುಗೆ ಮಾಡ್ತಿದ್ದರಲ್ಲ, ಅವರಿಗೆ ಹೇಳಿದ್ದೆ. ಸೊಪ್ಪು ತಪ್ಪಿಸಬೇಡಿ, ಬದಲಾಯಿಸಬೇಡಿ, ಆಕೆಗೂ ತಿಳಿಸಿ, ಅಂತ."

ಬಾಗಿಲಾಚೆ ಬೆಂಚಿನ ಮೇಲೆ ಮುದ್ದಕ್ಕ ಮುಖ ತಿರುಗಿಸಿ ಕುಳಿತಿದ್ದಳು. ಅವಳು ತಪ್ಪಿಸಿರಲಿಲ್ಲ, ಬದಲಾಯಿಸಿರಲಿಲ್ಲ. ತಿಳಿಸುವುದೊಂದು ಉಳಿದಿತ್ತು, ಮಾತು ಬಿಟ್ಟವಳಲ್ಲವೇ, ಅದರ ಬದಲು ದಿನಾ ಬಳೆಯಿಂದ ಬೋಗುಣಿ ಬಡಿದಿದ್ದಳು.