ಮರ ಸೋಕದ ವೈನು

ಸ್ಪರ್ಧೆ ಇದ್ದದ್ದು ಮರದ ಪೀಪಾಯಿ ಸೋಕದೆ, ಸ್ಟೀಲ್ ಟ್ಯಾಂಕಿನಲ್ಲೇ ತಯಾರಾದ ಬಿಳಿ ವೈನಿಗೆ. ಬರೀ ದ್ರಾಕ್ಷಿಯ ರುಚಿಗೆ ಯಾರು ಪದಕ ಕೊಡುತ್ತಾರೆ ಎಂಬ ಅನುಮಾನ ಗುರುಪಾದಪ್ಪನಿಗೆ. ವೈನಿಗೆ ಪೀಪಾಯಿಯ ಘಮ ಕೊಡುವ ಓಕ್ ಮರದ ಚೂರುಗಳನ್ನು ಫ್ರಾನ್ಸಿನಿಂದ ಒಂದು ಚೀಲ ತರಿಸಿ, ತನ್ನ ಮನೆಗೆಲಸವನ್ನೂ ಟ್ಯಾಂಕುಗಳನ್ನೂ ನೋಡಿಕೊಳ್ಳುವ ನೀಲವ್ವನಿಗೆ ಗುಟ್ಟಾಗಿ ಹೇಳಿದ್ದ: “ಯಾರೂ ಇಲ್ಲದಾಗ ಇದನ್ನ ಟ್ಯಾಂಕಿನ್ಯಾಗ ಸುರುವಿಬಿಡು.”

ಸ್ಪರ್ಧೆಯ ದಿನ ತೀರ್ಪುಗಾರ್ತಿ ಅವನ ವೈನಿನ ಒಂದು ಗುಟುಕನ್ನು ಬಾಯಲ್ಲಿ ಆಡಿಸಿ ಕಣ್ಣು ಮುಚ್ಚಿದಳು. ಗುರುಪಾದಪ್ಪ ಕುರ್ಚಿಯ ತುದಿಗೆ ಸರಿದು ಕೂತ.

“ನಿಂಬೆಸಿಪ್ಪೆ ಘಮ, ಹದವಾದ ಹುಳಿ. ದ್ರಾಕ್ಷಿತೋಟದಲ್ಲೇ ನಿಂತ ಹಾಗಿದೆ. ಮರದ ವಾಸನೆ ಎಳ್ಳಷ್ಟೂ ಇಲ್ಲ. ಚಿನ್ನದ ಪದಕ ಇದಕ್ಕೇ!”

ಈ ನಾಲಿಗೆಗೇನಾ ಎಲ್ಲರೂ ಹೆದರುವುದು ಎಂದು ಗುರುಪಾದಪ್ಪ ಒಳಗೊಳಗೇ ನಕ್ಕ. ಕೊರಳಿನ ಪದಕ ತೆಗೆಯದೆಯೇ ನೀಲವ್ವನ ಬಳಿ ಬಂದ.

“ಒಂದ್ ಚೀಲ ಕಟ್ಟಿಗಿ ಬಿದ್ದೈತಿ ಅದ್ರಾಗ. ಆಕಿಗೆ ಗೊತ್ತಾಗ್ಲೇ ಇಲ್ಲ ನೋಡವಾ!”

ನೀಲವ್ವ ಸೆರಗಿನಿಂದ ಮುಖ ಒರೆಸಿಕೊಂಡಳು.

“ಮಂದಿ ಕುಡಿಯೋದ್ರಾಗ ಯಾರರ ಕಟ್ಟಿಗಿ ಹಾಕ್ತಾರೇನ್ರೀ ಸಾವ್ಕಾರ್ರ? ಹಂಡೇದ ಒಲಿಗೆ ಹಾಕಿದೆ. ಮೂರು ದಿನ ನಿಮ್ಮ ಜಳಕದ ನೀರು ಎಷ್ಟ್ ಚಲೋ ಕಾದಿದ್ವು!”