ಗಂಟು ಹಾಕಿದ ಹೊಲಿಗೆ

ಪೆಟ್ಟಿಗೆಯ ತಳದಲ್ಲಿ ಇವತ್ತು ನನ್ನ ಹಳೆಯ ಲಂಗ ಸಿಕ್ಕಿತು. ಅದರ ಅಂಚಿನಲ್ಲಿ ಒಂದೊಂದು ಹೊಲಿಗೆಗೂ ಒಂದೊಂದು ಗಂಟು.

ಅಮ್ಮ ಊರಿನವರಿಗೆ ರವಿಕೆ ಹೊಲಿದುಕೊಡುತ್ತಿದ್ದಳು. ಹೆರಿಗೆಗೆಂದು ತೀರ್ಥಹಳ್ಳಿಯ ಆಸ್ಪತ್ರೆಗೆ ಹೋದಾಗ ಹೊಟ್ಟೆ ಕೊಯ್ಯಬೇಕಾಯಿತು. ಮಗು ಉಳಿಯಲಿಲ್ಲ. ಎಂಟನೆಯ ದಿನ ಮಧ್ಯಾಹ್ನ ನರ್ಸಮ್ಮ ಸ್ಪಿರಿಟ್ ಒರೆಸಿ ಹೊಲಿಗೆ ಬಿಚ್ಚತೊಡಗಿದರು. ಅಮ್ಮ ಕತ್ತೆತ್ತಿ ನೋಡಿದಳು.

"ಒಂದೇ ದಾರ್ದಲ್ಲಿ ಹೊಲ್ದಿದ್ರೆ ಸಾಕಿತ್ತಲ್ಲ ಸಿಸ್ಟರೇ, ಇಷ್ಟೊಂದು ಗಂಟ್ಯಾಕೆ?"

"ಒಂದು ಕಿತ್ತೋದ್ರೂ ಉಳ್ದಿದ್ದು ಬಿಟ್ಕೋಬಾರ್ದಲ್ಲ ಕಣಮ್ಮ."



ಮನೆಗೆ ಬಂದ ಮೇಲೆ, ಕೆಂಪಗಿದ್ದ ಗಾಯದ ಗೆರೆಗೆ ಕೊಬ್ಬರಿ ಎಣ್ಣೆ ಸವರಿಕೊಂಡು, ಅವಳು ಮೊದಲು ಕೈಗೆತ್ತಿಕೊಂಡದ್ದು ನನ್ನ ಹರಿದ ಲಂಗವನ್ನು. ಪ್ರತಿ ಹೊಲಿಗೆಗೂ ಗಂಟು ಹಾಕಿದಳು.

"ಇಷ್ಟೊಂದು ಗಂಟ್ಯಾಕಮ್ಮ?" ಎಂದೆ.

"ನಂಗಿರೋಳು ನೀನೊಬ್ಳೇ ಅಲ್ವೇನೇ," ಎಂದಳು.