ಸಕ್ಕುಬಾಯಿ ಕೊಟ್ಟ ಕೈಭಾರ

ಕಲಬುರಗಿಯ ಅಹವಾಲು ಕೋಣೆಯಲ್ಲಿ ಯಾರೂ ನೋವನ್ನು ಬಾಯಲ್ಲಿ ಹೇಳುವುದಿಲ್ಲ. ಬಂದವರೂ ಅಧಿಕಾರಿಯೂ ಮುಂಗೈಗೆ ಒಂದೊಂದು ಪಟ್ಟಿ ಕಟ್ಟಿಕೊಂಡರೆ ಸಾಕು, ಬಂದವರ ಮೈಗೆ ಆಗುವುದೆಲ್ಲ ಅಧಿಕಾರಿಯ ಮೈಗೂ ಆಗುತ್ತದೆ. ಆರೋಗ್ಯಾಧಿಕಾರಿ ಹಾಗರಗಿ ಸಾಹೇಬರು ಆಗಷ್ಟೇ ಯಾರದೋ ಹಲ್ಲುನೋವಿನ ಅಹವಾಲು ಮುಗಿಸಿ ಚಹಾ ಎತ್ತಿಕೊಂಡಿದ್ದರು.

ಸಕ್ಕುಬಾಯಿ ಒಳಗೆ ಬಂದಳು. ಸ್ತನದ ಕ್ಯಾನ್ಸರ್ ಆಪರೇಷನ್ ಆದಮೇಲೆ ಬಲಗೈ ನೀರು ತುಂಬಿ ಊದಿಕೊಂಡು, ರೊಟ್ಟಿ ಬಡಿಯುವ ಕೆಲಸ ಬಿಟ್ಟವಳು. ಅಂಥವರನ್ನೆಲ್ಲ ಊರೂರು ತಿರುಗಿ ಒಟ್ಟುಗೂಡಿಸಿದ ಥೆರಪಿಸ್ಟ್ ನಫೀಸಾ ಜೊತೆಗಿದ್ದಳು.

ಪಟ್ಟಿ ಕಟ್ಟಿದ್ದೇ ಸಾಹೇಬರ ಕೈಯಿಂದ ಕಪ್ಪು ಜಾರಿತು.

"ಇಷ್ಟು ಭಾರ ಇಟ್ಕೊಂಡು ಹ್ಯಾಂಗ ಮಲಗ್ತೀರಿ?"

"ನಿದ್ದಿ ಎಲ್ಲಿದ್ರಿ, ಕೂತೇ ಇರ್ತೀನಿ."

"ಮತ್ತ ಎದಿ ಯಾಕ ಹಿಂಗ ಹಾರ್ಲಾಕತ್ತದ?"

"ಖುಷಿಗೆ ರೀ. ಬರೀ ಬಾವು, ಇಳೀತದ ಅಂತ ಕಳಿಸ್ತಿದ್ರು ಎಲ್ಲಾರೂ. ಇವತ್ತ ನಿಮಗ ಗೊತ್ತಾತಲ್ಲ."

ನಫೀಸಾ ಸಕ್ಕುಬಾಯಿಯ ತೋಳನ್ನು ಭುಜದ ಕಡೆಗೆ ಮೆಲ್ಲಗೆ ನೀವಿದಳು. ಬೆರಳಿನಿಂದ ಮೇಲಕ್ಕೆ ಬಿಗಿಯಾಗಿ ಬಟ್ಟೆ ಸುತ್ತಿದಳು. ಸಾಹೇಬರ ಭುಜ ಹಗುರಾಗತೊಡಗಿತು. ಹೊತ್ತಾಯಿತೆಂದು ಗುಮಾಸ್ತ ನೆನಪಿಸಿದರೂ ಅವರು ಪಟ್ಟಿ ಬಿಚ್ಚಲಿಲ್ಲ.

"ಎಲ್ಲಾ ತಾಲ್ಲೂಕು ಆಸ್ಪತ್ರ್ಯಾಗೂ ಈ ಆರೈಕೆ ಶುರು ಮಾಡಸ್ತೀನಿ," ಎಂದರು. "ಕಲಿಸೋರು ಯಾರು?"

"ನಾನ್ರಿ," ಎಂದಳು ನಫೀಸಾ.

ಹೊರಗಿನ ಪಡಸಾಲೆಯಲ್ಲಿ, ನಫೀಸಾ ಕರೆತಂದಿದ್ದ ಹೆಂಗಸರೆಲ್ಲ ಎದ್ದು ನಿಂತಿದ್ದರು.

"ಒಪ್ಯಾರವ್ವ," ಎಂದಳು ಸಕ್ಕುಬಾಯಿ. "ಮಂದಿ ಕೈಗಿ ಹಿಂಗ ಬಟ್ಟಿ ಸುತ್ತಲಿಕ್ಕ ನಾವೂ ಕಲೀಬೇಕು. ಯಾರ್ಯಾರು ಬರ್ತೀರಿ?"

ಊದಿದ ಕೈಗಳೇ ಮೊದಲು ಮೇಲೆದ್ದವು.